ಕುರಿಂಜಿಯ ಹೆಸರು ಎಷ್ಟು ಸಲ ಬದಲಾಯಿತು?

ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಕೊಡಗಿನ ಯಾವುದಾದರೂ ಬೆಟ್ಟ ನೀಲಿಯಾದರೆ ಸಾಕು, ತಲೆಬರಹ ಸಿದ್ಧ: ‘12 ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ’. 2021ರಲ್ಲಿ ಮಾಂದಲಪಟ್ಟಿ, ಕೋಟೆಬೆಟ್ಟದ ಹೂವಿಗೆ ಹೀಗೇ ಬರೆದರು. ಮರುವರ್ಷ ಚಿಕ್ಕಮಗಳೂರಿನ ಬೆಟ್ಟಗಳ ಹೂವಿಗೂ ಅದೇ ಮಾತು. ಓದುವವರಿಗೆ ಗೊಂದಲ ಆಗದೆ ಇರುತ್ತದೆಯೇ?

ಕುರಿಂಜಿ ಅನ್ನುವುದು ಒಂದೇ ಗಿಡ ಅಲ್ಲ, ದೊಡ್ಡ ಬಳಗ. ಸ್ಟ್ರೋಬಿಲಾಂತಸ್ ಕುಲದಲ್ಲಿ, ಅಂದರೆ ಹತ್ತಿರದ ನಂಟಿರುವ ಗಿಡಗಳ ಈ ಗುಂಪಿನಲ್ಲಿ, 400ಕ್ಕೂ ಜಾಸ್ತಿ ಜಾತಿಗಳಿವೆ. ಮುನ್ನಾರಿನಲ್ಲಿ 2006ರಲ್ಲಿ, ಮತ್ತೆ 2018ರಲ್ಲಿ ಅರಳಿದ್ದು ಸ್ಟ್ರೋಬಿಲಾಂತಸ್ ಕುಂತಿಯಾನ. 12 ವರ್ಷದ ಖ್ಯಾತಿ ಅದರದ್ದು. ಇದೇ ಬಳಗದ ಮಹಾರಾಷ್ಟ್ರದ ಕಾರ್ವಿ ಎಂಬ ಗಿಡಕ್ಕೆ ಸುಮಾರು 8 ವರ್ಷ ಸಾಕು. ಪ್ರತಿ ವರ್ಷ ಹೂ ಬಿಡುವ ಜಾತಿಗಳೂ ಇವೆ. ಎಲ್ಲವನ್ನೂ ಒಂದೇ ಹೆಸರಲ್ಲಿ ಬರೆದಿಟ್ಟರೆ ಅರಳುವ ವರ್ಷದ ಲೆಕ್ಕವೇ ಕೆಡುತ್ತದೆ.

ವಿಜ್ಞಾನದ ಹೆಸರು ನೋಡಿದರೆ ಸರಿಹೋಗಬೇಕಿತ್ತು, ಅಲ್ವಾ? ಅಲ್ಲಿ ಇನ್ನೂ ದೊಡ್ಡ ಗೋಜಲು.

ಸ್ಟ್ರೋಬಿಲಾಂತಸ್ ಎಂಬ ಕುಲವನ್ನು 1826ರಲ್ಲಿ ಹೆಸರಿಸಿದವರು ಬ್ಲೂಮ್ ಎಂಬ ಸಸ್ಯವಿಜ್ಞಾನಿ, ಜಾವಾದ ಗಿಡಗಳನ್ನು ನೋಡಿ. 1832ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ನೀಸ್, ಭಾರತದಿಂದ ಹೋದ ಒಣಗಿಸಿದ ಮಾದರಿಗಳನ್ನು ಹಿಡಿದು ನಮ್ಮ ನೀಲಕುರಿಂಜಿಗೆ ಫ್ಲೆಬೊಫಿಲಮ್ ಕುಂತಿಯಾನಮ್ ಎಂದು ಕರೆದರು. ಆಮೇಲೆ ಕಲ್ಕತ್ತಾದ ಸಸ್ಯೋದ್ಯಾನದಲ್ಲಿದ್ದ ಥಾಮಸ್ ಆಂಡರ್ಸನ್ ಅದನ್ನು ಸ್ಟ್ರೋಬಿಲಾಂತಸ್‌ಗೆ ಸೇರಿಸಿದರು. ಅಲ್ಲಿಗೆ ಮುಗಿಯಲಿಲ್ಲ. 1944ರಲ್ಲಿ ನೆದರ್‌ಲೆಂಡ್ಸ್‌ನ ಬ್ರೆಮೆಕಾಂಪ್ ಇಡೀ ಬಳಗವನ್ನು 50ಕ್ಕೂ ಹೆಚ್ಚು ಕುಲಗಳಾಗಿ ಒಡೆದರು. ಪರಾಗದ ಕಣದ ಆಕಾರವೂ ಅವರಿಗೆ ಒಂದು ಮುಖ್ಯ ಆಧಾರ. ಕಾರ್ವಿ ಕಾರ್ವಿಯಾ ಕ್ಯಾಲೋಸಾ ಆಯಿತು. ಸ್ಟ್ರೋಬಿಲಾಂತಸ್ ಸೆಸಿಲಿಸ್ ಎಂಬ ಇನ್ನೊಂದು ಜಾತಿ ಪ್ಲಿಯೋಕಾಲಸ್ ಕುಲಕ್ಕೆ ಹೋಯಿತು. ಇನ್ನು ಕೆಲವಕ್ಕೆ ನೀಲ್ಗಿರಿಯಾಂತಸ್ ಎಂಬ ಹೊಸ ಮನೆ.

ಪರಾಗ ನೋಡಲು ಸೂಕ್ಷ್ಮದರ್ಶಕ ಬೇಕು. ಬೆಟ್ಟದ ಮೇಲೆ ಜಿಗಣೆ ಕೀಳುತ್ತಾ ನಿಂತವರಿಗೆ ಅದರಿಂದ ಏನು ಪ್ರಯೋಜನ? 1994ರಲ್ಲಿ ವುಡ್ ಎಂಬ ಸಸ್ಯವಿಜ್ಞಾನಿ ಒಡೆದದ್ದನ್ನು ಮತ್ತೆ ಸ್ಟ್ರೋಬಿಲಾಂತಸ್‌ಗೆ ಕೂಡಿಸಲು ಹೊರಟರು. 2004ರ ಡಿಎನ್ಎ ಅಧ್ಯಯನವೂ ಒಂದು ದೊಡ್ಡ ಕುಲ ಎನ್ನುವ ಪಕ್ಷಕ್ಕೇ ಬಲ ಕೊಟ್ಟಿತು. ಆದರೆ ನಡುವಿನ 50 ವರ್ಷದಲ್ಲಿ ಅಚ್ಚಾದ ಪುಸ್ತಕಗಳು ಕಪಾಟಿನಲ್ಲಿ ಇದ್ದೇ ಇವೆ. ಹಾಗಾಗಿ ಒಂದೇ ಗಿಡಕ್ಕೆ ಎರಡು ಮೂರು ಹೆಸರು ಸಿಗುತ್ತವೆ, ಯಾವುದೂ ಸುಳ್ಳಲ್ಲ.

ಒಂದು ಸಮಾಧಾನ ಇದೆ. ವಿಜ್ಞಾನದ ಹೆಸರಿನಲ್ಲಿ ಮೊದಲ ಪದ ಕುಲದ್ದು, ಎರಡನೆಯದು ಜಾತಿಯದ್ದು; ಕುಲ ಬದಲಾದರೂ ಎರಡನೇ ಪದ ಸಾಮಾನ್ಯವಾಗಿ ಉಳಿಯುತ್ತದೆ, ಬಾಲ ಮಾತ್ರ ಸ್ವಲ್ಪ ಬದಲಾಗುತ್ತದೆ. ನೀಲ್ಗಿರಿಯಾಂತಸ್ ಸಿಲಿಯಾಟಸ್, ಸ್ಟ್ರೋಬಿಲಾಂತಸ್ ಸಿಲಿಯಾಟಾ ಎರಡೂ ಒಂದೇ. ಹುಡುಕುವಾಗ ಆ ಎರಡನೇ ಪದವನ್ನೇ ಹಿಡಿಯುವುದು ಜಾಣತನ.

ಇನ್ನು ಗುರುತಿಸುವ ವಿಚಾರ. ಹೂವಿನ ಬಣ್ಣ ನಂಬಬೇಡಿ, ನೀಲಿ-ನೇರಳೆ ಬಳಗದ ತುಂಬ ಇದೆ. ಎಲೆ ನೋಡಿ. ಸೆಸಿಲಿಸ್‌ನ ಎಲೆಗೆ ತೊಟ್ಟಿಲ್ಲ, ಕಾಂಡಕ್ಕೇ ಅಂಟಿಕೊಂಡಿರುತ್ತದೆ. ಕುಂತಿಯಾನದ ಎಲೆಗೆ ತೊಟ್ಟಿದೆ. ಇವೆರಡೂ ಹುಲ್ಲುಗಾವಲಿನ ಗಿಡ್ಡ ಪೊದೆಗಳು. ಕಾರ್ವಿ ಆಳೆತ್ತರ ದಾಟುತ್ತದೆ. ಜನ ಹೂವಿನ ಜೊತೆ ಸೆಲ್ಫಿ ತೆಗೆಯುತ್ತಾರೆ, ಎಲೆಯ ಬುಡದ ಫೋಟೊ ಯಾರೂ ತೆಗೆಯುವುದಿಲ್ಲ. ಅದೊಂದಿದ್ದರೆ ಗಿಡ ಕೀಳದೆ, ರೆಂಬೆ ಮುರಿಯದೆ ಸೆಸಿಲಿಸ್, ಕುಂತಿಯಾನ ಎರಡನ್ನೂ ಬೇರೆ ಮಾಡಬಹುದು.

ಅಂದಹಾಗೆ, ಹಳೇ ಹೆಸರಿನ ಹಟ ಬಿಡದವರಲ್ಲಿ ಆಯುರ್ವೇದದವರೂ ಇದ್ದಾರೆ. ಕೇರಳದಲ್ಲಿ ಕರಿಂಕುರಿಂಜಿ ಎನ್ನುವ ಬೇರಿನ ಮೇಲೆ ಇವತ್ತಿಗೂ ನೀಲ್ಗಿರಿಯಾಂತಸ್ ಸಿಲಿಯಾಟಸ್ ಎಂದು ಬರೆದಿರುವುದನ್ನು ಕಾಣಬಹುದು.