ಆ ಸಾಲನ್ನು ಹೊಡೆದುಹಾಕಬೇಡಿ, ಮಾಲೀಕರೇ

ಪುಣೆಯ ಚಾಕಣ, ಭೋಸರಿ ಕಡೆಯ ಕಾರ್ಖಾನೆ ಮಾಲೀಕರಿಗೆ ಪತ್ರ, ಭಾಷಣ ಬರೆದುಕೊಡುವುದು ನನ್ನ ಕಸುಬು. ದೊಡ್ಡ ಆರ್ಡರ್ ಕೈಗೆತ್ತಿಕೊಳ್ಳುವ ಮುನ್ನ ಹಲವರು ಮೊಬೈಲಿನಲ್ಲಿ ಒಂದೇ ಕಾಗದವನ್ನು ತೋರಿಸುತ್ತಾರೆ: ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್‌ನಲ್ಲಿ, ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಮೇಲೆ ದಾಳಿಗೆ ಹೊರಟ ಮಿತ್ರಪಡೆಗಳಿಗೆ ಅವುಗಳ ಸೇನಾಪತಿ ಜನರಲ್ ಐಸೆನ್‌ಹೋವರ್ ಕೊಟ್ಟ ಸಂದೇಶ. ‘ಹೀಗೇ ಕೆಚ್ಚು ಹುಟ್ಟುವಂತೆ ಬರೆದುಕೊಡಿ’ ಎನ್ನುತ್ತಾರೆ. ಬರೆದುಕೊಟ್ಟರೆ ಕರಡು ಗೀಚಿಸಿಕೊಂಡು ವಾಪಸ್ಸು ಬರುತ್ತದೆ. ಹೋಗಿರುವುದು ಯಾವಾಗಲೂ ಅದೇ ಸಾಲು: ಕೆಲಸ ಕಷ್ಟದ್ದಿದೆ ಎಂಬುದು.

ನೀವು ಮೆಚ್ಚಿದ ಕಾಗದವನ್ನು ಪೂರ್ತಿ ಓದಿ. ಜಗತ್ತಿನ ಕಣ್ಣು ನಿಮ್ಮ ಮೇಲಿದೆ ಎಂದ ಸ್ವಲ್ಪದರಲ್ಲೇ ಐಸೆನ್‌ಹೋವರ್ ಹೇಳುವುದೇನು? ನಿಮ್ಮ ಕೆಲಸ ಸುಲಭದ್ದಲ್ಲ, ಶತ್ರು ಚೆನ್ನಾಗಿ ಪಳಗಿದವನು, ಒಳ್ಳೆಯ ಶಸ್ತ್ರಗಳಿವೆ, ಕ್ರೂರವಾಗಿ ಕಾದುತ್ತಾನೆ. ಧೈರ್ಯದ ಮಾತು ಬರುವುದು ಆಮೇಲೆ, ಅದೂ ಲೆಕ್ಕದ ಸಮೇತ: ಇದು 1944, ಜರ್ಮನಿ ಗೆದ್ದು ಮೆರೆದ 1940–41 ಅಲ್ಲ, ವಿಮಾನ ದಾಳಿಗಳಿಂದ ಅವರ ಬಲ ಕುಗ್ಗಿದೆ, ಶಸ್ತ್ರ, ಮದ್ದುಗುಂಡು, ತರಬೇತಾದ ಮೀಸಲು ಪಡೆ ನಮ್ಮಲ್ಲಿ ಹೆಚ್ಚಿವೆ. ಕಷ್ಟವನ್ನು ಮೊದಲೇ ಒಪ್ಪಿಕೊಂಡವನ ಲೆಕ್ಕವನ್ನು ಜನ ನಂಬುತ್ತಾರೆ. ಆ ಸಾಲು ತೆಗೆದರೆ ಉಳಿಯುವುದು ಬರೀ ಜೈಕಾರ. ಸುಮಾರು 1,75,000 ಮಂದಿಗೆ ಹಂಚಿದ ಆ ಹಾಳೆಯ ಕರಡು ಫೆಬ್ರವರಿಯಲ್ಲೇ ಶುರುವಾಗಿತ್ತು. ನನಗೆ ನೀವು ಕೊಡುವುದು ಒಂದು ಸಂಜೆ!

ಸಾವಿನ ಎದುರು ನಿಲ್ಲುವವರಿಗೆ ಬರೆದದ್ದನ್ನು ಉತ್ಪಾದನೆಯ ಗುರಿಗೆ ಹೋಲಿಸುವುದು ನನಗೂ ಹಿಡಿಸುವುದಿಲ್ಲ. ಪತ್ರದಿಂದಲೇ ಯುದ್ಧ ಗೆದ್ದರೆಂದೂ ಹೇಳಲಾರೆ. ಆದರೆ ದಾಳಿ ಸೋತರೆ ಪ್ರಕಟಿಸಲೆಂದು ಅದೇ ಸೇನಾಪತಿ ಇನ್ನೊಂದು ಚೀಟಿ ಬರೆದಿಟ್ಟುಕೊಂಡಿದ್ದರು. ಗಡಿಬಿಡಿಯಲ್ಲಿ ಅದರ ಮೇಲೆ ಜೂನ್ ಬದಲು ಜುಲೈ 5 ಎಂದು ಬಿದ್ದಿದೆ. ಪಡೆಗಳನ್ನು ಹಿಂದಕ್ಕೆ ಕರೆಸಲಾಗಿದೆ ಎಂದು ಮೊದಲು ಬರೆದವರು ಅದನ್ನು ಹೊಡೆದು, ನಾನು ಕರೆಸಿದ್ದೇನೆ ಎಂದು ತಿದ್ದಿದರು. ತಪ್ಪೇನಾದರೂ ಇದ್ದರೆ ಅದು ನನ್ನೊಬ್ಬನದು ಎಂದು ಮುಗಿಸಿದರು. ಈ ಚೀಟಿಯನ್ನು ಮಾದರಿಯಾಗಿ ಹಿಡಿದು ಬಂದ ಮಾಲೀಕರು ಒಬ್ಬರೂ ಇಲ್ಲ.

ಭೋಸರಿಯ ಒಬ್ಬರು, ಬೆಳಗಾವಿ ಕಡೆಯವರು, ಒಳ್ಳೆಯ ಮನುಷ್ಯ. ‘ಗಣಪತಿ ಹಬ್ಬದವರೆಗೂ ರಾತ್ರಿ ಪಾಳಿ ಇರುತ್ತದೆ’ ಎಂದು ಬರೆದಿದ್ದೆ. ‘ಬೇಡ ಸರ್, ಹುಡುಗರು ಊರಿಗೆ ಹೋಗಿಬಿಡುತ್ತಾರೆ’ ಎಂದರು. ಪಾಳಿಯ ಪಟ್ಟಿ ಆಗಲೇ ಸೂಪರ್‌ವೈಸರ್ ಜೇಬಿನಲ್ಲಿತ್ತು. ಕ್ಯಾಂಟೀನಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಜಗಳವಾಡಿ ಸಾಲು ಉಳಿಸಿದೆ, ಅದರ ಕೆಳಗೆ ರಾತ್ರಿ ಬಸ್ಸಿನ ವ್ಯವಸ್ಥೆಯನ್ನೂ ಸೇರಿಸಿದೆ. ನೋಟಿಸ್ ಬೋರ್ಡಿನ ಮುಂದೆ ನಿಂತು ಓದಿದ ವಿಜಯಪುರದ ಹುಡುಗನೊಬ್ಬ ಕೇಳಿದ್ದು ಇಷ್ಟೇ: ‘ಬಸ್ ನಿಗಡಿಯವರೆಗೂ ಬರುತ್ತದೆಯೇ?’ ಬರುತ್ತದೆ. ಮಾಲೀಕರು ಮಾತ್ರ ಬಾಡಿಗೆಯ ಬಗ್ಗೆ ಇನ್ನೂ ಗೊಣಗುತ್ತಿದ್ದಾರೆ. ನನ್ನ ಶುಲ್ಕದಲ್ಲಿ ಮುರಿದುಕೊಳ್ಳುವ ಯೋಚನೆ ಇದ್ದಂತಿದೆ.