ಜನಗಣತಿಯ ಕಡತದಲ್ಲಿ ಮುತ್ತಜ್ಜನ ಹೆಸರು ಏಕೆ ಸಿಗುವುದಿಲ್ಲ?

ಬ್ರಿಟನ್ನಿನಲ್ಲಿ 1841ರಿಂದ ಈಚಿನ ಜನಗಣತಿಗಳಲ್ಲಿ ಮನೆಮನೆಯವರ ಹೆಸರು, ವಯಸ್ಸು, ಕಸುಬು ದಾಖಲಾಗಿವೆ. ನೂರು ವರ್ಷ ತುಂಬಿದ ಮೇಲೆ ಆ ಹಾಳೆಗಳನ್ನು ಸಾರ್ವಜನಿಕರಿಗೆ ತೆರೆಯಲಾಗುತ್ತದೆ. 1921ರ ಗಣತಿ 2022ರ ಜನವರಿಯಲ್ಲಿ ಅಂತರ್ಜಾಲಕ್ಕೆ ಬಂತು. ಅಮೆರಿಕದಲ್ಲಿ ಈ ಅವಧಿ 72 ವರ್ಷ. ಇದನ್ನು ಕಂಡ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಹೊಸ ತಲೆಮಾರಿನವರು ತಮ್ಮ ಮುತ್ತಜ್ಜನನ್ನೂ ಹಾಗೆಯೇ ಹುಡುಕಲು ಹೊರಟು ನಿರಾಶರಾಗುತ್ತಾರೆ.

ಕಾರಣ ನಮ್ಮ ಗಣತಿ ನಡೆದುಬಂದ ಬಗೆಯಲ್ಲೇ ಇದೆ. ಭಾರತದ ಮೊದಲ ಗಣತಿ 1872ರ ಸುಮಾರಿಗೆ ಬೇರೆ ಬೇರೆ ಪ್ರಾಂತಗಳಲ್ಲಿ ಬೇರೆ ಬೇರೆ ಸಮಯಕ್ಕೆ ನಡೆಯಿತು. ಇಡೀ ದೇಶದಲ್ಲಿ ಏಕಕಾಲಕ್ಕೆ ನಡೆದದ್ದು 1881ರಲ್ಲಿ. ಗಣತಿದಾರರು ಮನೆಗೆ ಬಂದು ವಿವರ ಬರೆದುಕೊಂಡದ್ದು ನಿಜ, ಆದರೆ ಸರ್ಕಾರಕ್ಕೆ ಬೇಕಿದ್ದದ್ದು ಮೊತ್ತ ಮಾತ್ರ. ಕೋಷ್ಟಕ ಸಿದ್ಧವಾದ ಬಳಿಕ ಮೂಲ ಹಾಳೆಗಳನ್ನು ಕಾಯ್ದಿಡದೆ ನಾಶಪಡಿಸುವುದೇ ವಾಡಿಕೆಯಾಗಿತ್ತು. ಸ್ವಾತಂತ್ರ್ಯಾನಂತರ 1948ರ ಜನಗಣತಿ ಕಾಯಿದೆಯ 15ನೆಯ ಕಲಮು ವ್ಯಕ್ತಿಗಳ ವಿವರವನ್ನು ಯಾರೂ ಪರಿಶೀಲಿಸದಂತೆ ಮುಚ್ಚಿತು. ಇಷ್ಟು ವರ್ಷದ ಬಳಿಕ ತೆರೆಯಬೇಕು ಎಂಬ ಗಡುವನ್ನು ಅದು ಹಾಕಲಿಲ್ಲ. ಗೌಪ್ಯತೆ ಬೇಕು, ಒಪ್ಪೋಣ. ಆದರೆ ನೂರು ವರ್ಷದ ಹಿಂದೆ ತೀರಿಕೊಂಡವರ ಹೆಸರೂ ಮೊಮ್ಮಕ್ಕಳಿಗೆ ದಕ್ಕದಂತಾದದ್ದು ನೋವಿನ ಸಂಗತಿ.

ಹಾಗಾದರೆ ಅಂತರ್ಜಾಲದಲ್ಲಿರುವ ಹಳೆಯ ಗಣತಿ ವರದಿಗಳಿಂದ ಉಪಯೋಗವಿಲ್ಲವೇ? ಇದೆ, ಎಲ್ಲಿ ನೋಡಬೇಕೆಂಬುದು ಗೊತ್ತಿದ್ದರೆ. ಇಂದಿನ ಬಾಗಲಕೋಟೆ, ವಿಜಯಪುರಗಳ ಬಹುಭಾಗ ಆಗ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಲ್ಲಿತ್ತು. 1880ರ ದಶಕದಲ್ಲಿ ಜಿಲ್ಲಾ ಕೇಂದ್ರ ಬಿಜಾಪುರಕ್ಕೆ ಬಂದ ಮೇಲೆ ಜಿಲ್ಲೆಯ ಹೆಸರೂ ಬದಲಾಯಿತು. ಜಮಖಂಡಿ, ಮುಧೋಳ, ರಾಮದುರ್ಗ ಸಂಸ್ಥಾನಗಳ ಅಂಕಿಅಂಶಗಳು ಬೇರೆಯೇ ಪುಟಗಳಲ್ಲಿವೆ. ಈ ಕಲಾದಗಿ ಜಿಲ್ಲೆಯಲ್ಲಿ 1872ರಲ್ಲಿ 8 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರಲ್ಲಿ ಉಳಿದವರು 6,38,493. ನಡುವೆ ಬಂದದ್ದು 1876–78ರ ಬರಗಾಲ. ಮನೆತನದ ಹಿರಿಯರು ‘ಬರದಾಗ ಊರು ಬಿಟ್ಟು ಬಂದ್ವಿ’ ಎಂದು ಹೇಳುತ್ತ ಬಂದಿದ್ದರೆ, ಆ ಮಾತಿಗೆ ಕಾಲದ ಆಧಾರ ಒದಗುವುದು ಇಂಥ ಅಂಕಿಯಿಂದ.

1951ರಿಂದ ಪ್ರಕಟವಾದ ಜಿಲ್ಲಾ ಜನಗಣತಿ ಕೈಪಿಡಿಗಳು ಊರೂರಿನ ಮಟ್ಟಕ್ಕೆ ಇಳಿದವು. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳ ಹೆಸರು, ಅಲ್ಲಿದ್ದ ಮನೆಗಳ ಹಾಗೂ ಜನರ ಸಂಖ್ಯೆಯನ್ನು ಹುಡುಕಬೇಕಾದವರು ಮುಳುಗಡೆಗೆ ಹಿಂದಿನ ಕೈಪಿಡಿಗಳನ್ನೇ ತೆರೆಯಬೇಕು.

ಹೆಸರುಗಳಿಗಾಗಿ ಮಾತ್ರ ಬೇರೆ ದಾರಿ ಹಿಡಿಯಬೇಕು. ಜಮೀನಿದ್ದ ಮನೆತನವಾದರೆ ತಹಸೀಲ್ದಾರ ಕಚೇರಿಯ ಹಳೆಯ ಉತಾರ (ಜಮೀನಿನ ಪಹಣಿ) ಮತ್ತು ಹಕ್ಕು ಬದಲಾವಣೆಯ ದಾಖಲೆಗಳೇ ಮೊದಲ ಆಸರೆ. ಒಬ್ಬರು ತೀರಿಕೊಂಡಾಗ ವಾರಸಾ ಪ್ರಕಾರ ಯಾರ ಹೆಸರು ಸೇರಿತೆಂಬುದು ಅಲ್ಲಿರುತ್ತದೆ. ಬೇರೆಲ್ಲೂ ಕಾಣಿಸದ ವಿಧವೆಯೊಬ್ಬರು ಅಪ್ರಾಪ್ತ ಮಕ್ಕಳ ಪಾಲಕಿಯಾಗಿ ಅಂಥ ಒಂದು ಸಾಲಿನಲ್ಲಿ ಎದುರಾಗಬಹುದು. ಹಳೆಯ ಕಾಗದಗಳು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲವರ ನೆರವು ಬೇಕಾಗುತ್ತದೆ. ಜಮೀನಿಲ್ಲದ ಮನೆತನಗಳಿಗೆ ಊರಿನ ಶಾಲೆಯ ದಾಖಲಾತಿ ಪುಸ್ತಕ, ಹಳೆಯ ಮತದಾರರ ಪಟ್ಟಿ ನೆರವಾಗುತ್ತವೆ. ಮೊದಲನೆಯದರಲ್ಲಿ ತಂದೆಯ ಹೆಸರು, ಎರಡನೆಯದರಲ್ಲಿ ತಂದೆಯ ಇಲ್ಲವೇ ಗಂಡನ ಹೆಸರು ಸಿಗುತ್ತದೆ.

ಇವೆಲ್ಲಕ್ಕಿಂತ ಹಿಂದಕ್ಕೆ ಹೋಗಬಲ್ಲವರು ಹೆಳವರು. ಎತ್ತಿನೊಂದಿಗೆ ಊರೂರು ತಿರುಗಿ, ತಮ್ಮ ಪಾಲಿನ ಒಕ್ಕಲು ಮನೆಗಳ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ವಂಶಾವಳಿ ಹೇಳಿ, ಕಾಳುಕಡಿ, ಬಟ್ಟೆ ಪಡೆದು ಹೋಗುವ ಈ ಜನರ ಹೊತ್ತಿಗೆಗಳಲ್ಲಿ ಮನೆತನ ಯಾವ ಊರಿನಿಂದ ಬಂತು, ಅಣ್ಣತಮ್ಮಂದಿರು ಎಲ್ಲಿ ಬೇರೆಯಾದರು ಎಂಬುದೂ ಇರುತ್ತದೆ. ಅವರ ಮಾತನ್ನು ಉತಾರದೊಂದಿಗೆ ತಾಳೆ ನೋಡಬೇಕು, ನಿಜ. ಆದರೂ ಗಣತಿ ಉಳಿಸದೆ ಹೋದದ್ದನ್ನು ನಮ್ಮ ಸೀಮೆಯಲ್ಲಿ ಉಳಿಸಿದವರು ಅವರೇ. ಹೆಳವರು ಮನೆಗೆ ಬಂದಾಗ ಕಾಳು ಕೊಟ್ಟು ಕಳಿಸುವುದಷ್ಟೇ ಅಲ್ಲ, ಅವರ ಒಪ್ಪಿಗೆ ಪಡೆದು ವಂಶಾವಳಿಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು. ಹೆಣ್ಣುಮಕ್ಕಳ ಹೆಸರನ್ನೂ ಕೇಳಿ ಸೇರಿಸಿಕೊಳ್ಳಬೇಕು.