ಬಡಿ, ಹಿಡಿ, ಹಾರು: ಮಕ್ಕಳಿಗೆ ಲೇ-ಅಪ್ ಕಲಿಸುವಾಗ ಬರೆದುಕೊಂಡ ಟಿಪ್ಪಣಿ

ಶಿರಸಿಯ ನಮ್ಮ ಕೇರಿಯಲ್ಲಿ ಶನಿವಾರ, ಭಾನುವಾರ ಸಂಜೆ ಹನ್ನೆರಡು ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತಿದ್ದೇನೆ. ಎಂಟರಿಂದ ಹನ್ನೆರಡು ವರ್ಷದ ಮಕ್ಕಳು. ನಾನು ಕಾಲೇಜಿನಲ್ಲಿ ಆಡಿದವಳು, ಕಲಿಸಿದವಳಲ್ಲ. ಆಡೋದು ಬೇರೆ, ಕಲಿಸೋದು ಬೇರೆ ಅಂತ ಗೊತ್ತಾಗಲು ಎರಡು ವಾರ ಸಾಕಾಯಿತು. ನನ್ನ ಹಾಗೆ ಈಗಷ್ಟೇ ಕಲಿಸಲು ಶುರುಮಾಡಿದವರಿಗೆ ಉಪಯೋಗವಾಗಲಿ ಅಂತ, ತಲೆಯಲ್ಲಿ ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ. ಹೆಚ್ಚಿನ ಜಾಗ ಲೇ-ಅಪ್ಪಿಗೇ, ಅಂದರೆ ಓಡಿ ಬಂದು ಹಾರಿ ಚೆಂಡು ಹಾಕುವುದಕ್ಕೇ ಹೋಗಿದೆ. ನಾನು ಒದ್ದಾಡಿದ್ದು ಅಲ್ಲೇ.

ಮೊದಲು ಚೆಂಡು, ರಿಂಗು

ಇದನ್ನು ಬೇಗ ಮುಗಿಸುತ್ತೇನೆ. ಗಂಡಸರು ಆಡುವ 7ನೇ ಸೈಜಿನ ಚೆಂಡು ಸುಮಾರು 600 ಗ್ರಾಂ ತೂಗುತ್ತದೆ. ಮಕ್ಕಳ ಮಿನಿ ಬಾಸ್ಕೆಟ್‌ಬಾಲಿಗೆ 5ನೇ ಸೈಜು. ಅದು 500 ಗ್ರಾಮಿಗಿಂತ ಸ್ವಲ್ಪ ಕಡಿಮೆ. ರಿಂಗಿನ ಎತ್ತರ ದೊಡ್ಡವರಿಗೆ 3.05 ಮೀಟರ್, ಮಿನಿಯಲ್ಲಿ 2.60 ಮೀಟರ್. ಒಂದೂವರೆ ಅಡಿ ವ್ಯತ್ಯಾಸ ಅಷ್ಟೇ ಅನ್ನಿಸಬಹುದು. ಆದರೆ ಎತ್ತರದ ರಿಂಗಿಗೆ ದೊಡ್ಡ ಚೆಂಡು ಎಸೆಯುವ ಎಂಟು ವರ್ಷದ ಮಗುವನ್ನು ಒಮ್ಮೆ ನೋಡಿ. ಚೆಂಡನ್ನು ಸೊಂಟದ ಹತ್ತಿರ ಇಳಿಸಿ, ಎರಡೂ ಕೈಯಿಂದ ಬಾವಿಯ ಕೊಡ ಎತ್ತಿದ ಹಾಗೆ ಮೇಲೆ ತೂರುತ್ತದೆ. ಬೇರೆ ದಾರಿ ಇಲ್ಲ ಅದಕ್ಕೆ. ಆ ಅಭ್ಯಾಸ ಒಮ್ಮೆ ಕೂತರೆ ಬಿಡಿಸುವುದು ಕಷ್ಟ.

ನಮ್ಮಲ್ಲಿ ರಿಂಗು ಇಳಿಸಲು ಬರುವುದಿಲ್ಲ. ಅದಕ್ಕೆ ಮಕ್ಕಳ ಸೈಕಲ್ಲಿನ ಹಳೆ ರಿಮ್ ತಂದು, ಕಡ್ಡಿ ಎಲ್ಲ ತೆಗೆದು, ಪಕ್ಕದ ಕಂಬಕ್ಕೆ 2.60 ಮೀಟರ್ ಎತ್ತರದಲ್ಲಿ ಬಿಗಿದಿದ್ದೇವೆ. 5ನೇ ಸೈಜಿನ ಚೆಂಡು ಅದರಲ್ಲಿ ಆರಾಮಾಗಿ ಇಳಿಯುತ್ತದೆ.

ಡ್ರಿಬಲ್, ಪಾಸ್

ಡ್ರಿಬಲ್ ಅಂದರೆ ಚೆಂಡನ್ನು ನೆಲಕ್ಕೆ ಬಡಿಯುತ್ತಾ ಹೋಗುವುದು. ಅದು ಬೆರಳ ತುದಿಗಳಲ್ಲಿ, ಅಂಗೈಯಲ್ಲಲ್ಲ. ಕಣ್ಣು ಎದುರಿಗೆ. ಮಕ್ಕಳು ಚೆಂಡನ್ನೇ ನೋಡುತ್ತಿದ್ದರೆ ನಾನು ಬೆರಳು ಎತ್ತಿ ತೋರಿಸಿ "ಎಷ್ಟು?" ಅಂತ ಕೇಳುತ್ತಾ ಹೋಗುತ್ತೇನೆ. ಉತ್ತರ ಹೇಳಬೇಕಾದರೆ ತಲೆ ಎತ್ತಲೇಬೇಕು. ನೆಲಕ್ಕೆ ಬಡಿದು ಕೊಡುವ ಪಾಸಿನಲ್ಲಿ ಚೆಂಡು ಮಧ್ಯದಲ್ಲಿ ಬಡಿಯಬಾರದು, ಗೆಳೆಯನ ಕಡೆಗೆ ಮೂರರಲ್ಲಿ ಎರಡು ಪಾಲು ದೂರದಲ್ಲಿ ಬಡಿಯಬೇಕು. ಆಗ ಅವನ ಸೊಂಟದ ಹತ್ತಿರ ಏಳುತ್ತದೆ. ಇವೆರಡನ್ನೂ ಮಕ್ಕಳು ನಾನು ಅಂದುಕೊಂಡಿದ್ದಕ್ಕಿಂತ ಬೇಗ ಕಲಿತರು.

ಲೇ-ಅಪ್: ನಾನು ಎಲ್ಲಿ ಎಡವಿದೆ

ಓಡುತ್ತಾ ಬಂದು, ರಿಂಗಿನ ಹತ್ತಿರ ಒಂದು ಕಾಲಿನಲ್ಲಿ ಹಾರಿ, ಚೆಂಡನ್ನು ರಿಂಗಿನ ಹಿಂದಿನ ಬೋರ್ಡಿಗೆ ಮೆಲ್ಲಗೆ ತಾಗಿಸಿ ಒಳಗೆ ಬಿಡುವುದು ಲೇ-ಅಪ್. ಬಲಗೈಯಲ್ಲಿ ಹಾಕುವವರು ಎಡಗಾಲಿನಿಂದ ಹಾರಬೇಕು. ಬಲಮೊಣಕಾಲು, ಬಲಗೈ ಒಟ್ಟಿಗೆ ಮೇಲೆ ಹೋಗಬೇಕು. ಮೊಣಕಾಲಿಗೂ ಮೊಣಕೈಗೂ ಒಂದೇ ದಾರ ಕಟ್ಟಿದೆ ಅಂದರೆ ಮಕ್ಕಳಿಗೆ ಥಟ್ಟನೆ ತಿಳಿಯುತ್ತದೆ.

ನಾನು ಮೊದಲು ಕಲಿಸಿದ್ದು ಹೀಗೆ. "ಡ್ರಿಬಲ್ ಮಾಡ್ತಾ ಬನ್ನಿ, ಚೆಂಡು ಹಿಡಿಯಿರಿ, ಒಂದು, ಎರಡು, ಹಾರಿ." ನನಗೂ ಹೀಗೇ ಕಲಿಸಿದ್ದರು. ಹನ್ನೆರಡರಲ್ಲಿ ಒಂಬತ್ತು ಮಕ್ಕಳಿಗೆ ಬರಲಿಲ್ಲ. ಕೆಲವರು ಬಲಗಾಲಲ್ಲೇ ಹಾರಿದರು. ಕೆಲವರು ರಿಂಗಿನ ಕೆಳಗೆ ಬಂದು ನಿಂತೇಬಿಟ್ಟರು. ಕೆಲವರು ಎಡಗಾಲು ಊರಿ, ಅದೇ ಕಾಲಿನಲ್ಲಿ ಇನ್ನೊಮ್ಮೆ ಕುಪ್ಪಳಿಸಿ ಹಾರಿದರು. ಕುಂಟಾಬಿಲ್ಲೆ ಆಡಿದ ಕಾಲುಗಳು, ಕುಪ್ಪಳಿಸುವುದು ಅವಕ್ಕೆ ಸಲೀಸು. ಆದರೆ ಇಲ್ಲಿ ಚೆಂಡು ಹಿಡಿದ ಮೇಲೆ ಒಂದೇ ಕಾಲು ಸಾಲಾಗಿ ಎರಡು ಸಲ ನೆಲ ಮುಟ್ಟಿದರೆ ಟ್ರಾವೆಲಿಂಗ್, ಅಂದರೆ ಚೆಂಡು ಹಿಡಿದು ನಿಯಮ ಮೀರಿ ಹೆಜ್ಜೆ ಇಟ್ಟ ತಪ್ಪು.

ತಪ್ಪು ಎಲ್ಲಿದೆ ಅಂತ ಮೂರು ವಾರ ಹುಡುಕಿದೆ. ಕೊನೆಗೆ ಸಿಕ್ಕಿತು. ನಾನು ಎಣಿಸುತ್ತಿದ್ದುದು ಕಾಲನ್ನು ಮಾತ್ರ. ಮಕ್ಕಳಿಗೆ ತಪ್ಪುತ್ತಿದ್ದುದು ಕೈ. ಯಾವ ಕಾಲು ನೆಲದ ಮೇಲಿದ್ದಾಗ ಚೆಂಡು ಹಿಡಿಯಬೇಕು ಅನ್ನುವುದನ್ನು ನಾನು ಹೇಳಿಕೊಟ್ಟೇ ಇರಲಿಲ್ಲ. ನನ್ನ ಮೈಗೆ ಅದು ರೂಢಿಯಾಗಿಹೋಗಿತ್ತು, ಅದಕ್ಕೇ ಕಾಣಲಿಲ್ಲ.

ಆ ದಿನ ಮನೆಯಲ್ಲಿ ಅಡಿಕೆ ಒಣಹಾಕುವ ಅಂಗಳದಲ್ಲಿ ನಾನೇ ಹತ್ತು ಸಲ ನಿಧಾನಕ್ಕೆ ನಡೆದು ನೋಡಿದೆ. ಬಲಗೈ ಲೇ-ಅಪ್ಪಿನಲ್ಲಿ ಕೊನೆಯ ಮೂರು ಕಾಲು ಎಡ, ಬಲ, ಎಡ. ಮೊದಲ ಎಡಗಾಲು ಊರುವಾಗ ಕೊನೆಯ ಡ್ರಿಬಲ್ ನೆಲಕ್ಕೆ ಬಡಿಯುತ್ತದೆ. ಬಲಗಾಲು ಊರುವಾಗ ಚೆಂಡು ಎರಡೂ ಕೈಗೆ ಬರುತ್ತದೆ. ಮತ್ತೆ ಎಡಗಾಲು ಊರಿ ಹಾರುವುದು. ಅಂದರೆ ಪ್ರತಿ ಕಾಲಿಗೂ ಒಂದೊಂದು ಕೆಲಸ ಇದೆ.

ಎಡ: ಬಡಿ.
ಬಲ: ಹಿಡಿ.
ಎಡ: ಹಾರು.

ಇದೇ ನನ್ನ ಮಂತ್ರ ಈಗ. "ಒಂದು, ಎರಡು" ಅಂದಾಗ ಮಗುವಿಗೆ ಅಂಕಿ ಸಿಗುತ್ತದೆ, ಕೆಲಸ ಸಿಗುವುದಿಲ್ಲ. "ಬಡಿ, ಹಿಡಿ, ಹಾರು" ಅಂದರೆ ಅಂಕಿಯ ಜಾಗದಲ್ಲಿ ಕೆಲಸವೇ ಕೂತಿದೆ. ನಮ್ಮ ಗುಂಪಿನಲ್ಲಿ ಇಬ್ಬರು ಯಕ್ಷಗಾನ ತರಗತಿಗೂ ಹೋಗುವ ಮಕ್ಕಳಿದ್ದಾರೆ. ಅವರು ಹೆಜ್ಜೆ ಕಲಿಯುವುದು ಬಾಯಲ್ಲಿ ತಾಳ ಹೇಳಿಕೊಂಡೇ ಅಲ್ವಾ? ಹಾಗೇ ಇದನ್ನೂ ಗಟ್ಟಿಯಾಗಿ ಹೇಳಿಕೊಂಡು ಮಾಡಿ ಅಂದೆ. ಆ ಇಬ್ಬರಿಗೆ ಮೊದಲ ಸಂಜೆಯೇ ಬಂತು. ಉಳಿದವರು ಅವರ ಬಾಯಿ ನೋಡಿ ಕಲಿತರು.

ಎಡಗೈ ಮಕ್ಕಳಿಗೆ ಕಾಲು ಅದಲುಬದಲು. ಪದ ಅದೇ. ಇದು ಈ ಪದಗಳ ಇನ್ನೊಂದು ಲಾಭ.

ಹಿಂದಿನಿಂದ ಮುಂದಕ್ಕೆ ಕಲಿಸುವುದು

ಕೊನೆಯ ಕೆಲಸವನ್ನು ಮೊದಲು ಕಲಿಸಬೇಕು. ನಾನು ಈಗ ಹೋಗುವ ದಾರಿ ಇದು.

ಮೊದಲು ಬರೀ "ಹಾರು". ಚೆಂಡಿಲ್ಲ. ಎಡಗಾಲಲ್ಲಿ ನಿಂತು, ಬಲಮೊಣಕಾಲು ಎತ್ತಿ ಹಾರಿ, ಬಲಗೈ ಮೇಲೆ ಚಾಚಬೇಕು. ಆಮೇಲೆ ಚೆಂಡು ಕೊಟ್ಟು ಅದನ್ನೇ. ಆಮೇಲೆ ಅದರ ಹಿಂದಕ್ಕೆ "ಹಿಡಿ" ಸೇರಿಸಬೇಕು.

ಇಲ್ಲೇ ತಡೆದು ನಿಲ್ಲಿ, ಇದೇ ಮುಖ್ಯ ಜಾಗ. "ಹಿಡಿ" ಕಲಿಸುವಾಗ ಡ್ರಿಬಲ್ ಬೇಡ. ನಾನು ರಿಂಗಿನಿಂದ ಎರಡು ಹೆಜ್ಜೆ ದೂರ ನಿಂತು, ಚೆಂಡನ್ನು ಅಂಗೈ ಮೇಲೆ ಇಟ್ಟು, ಮಗುವಿನ ಸೊಂಟದ ಎತ್ತರಕ್ಕೆ ಚಾಚಿರುತ್ತೇನೆ, ತಟ್ಟೆಯಲ್ಲಿ ಪ್ರಸಾದ ಹಿಡಿದ ಹಾಗೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ವೃತ್ತ. ಮೊದಲನೆಯದರಲ್ಲಿ "ಬ", ಎರಡನೆಯದರಲ್ಲಿ "ಎ". ಮಗು ನಡೆದು ಬಂದು, ಬಲಗಾಲನ್ನು "ಬ" ಮೇಲೆ ಇಡುವಾಗಲೇ ನನ್ನ ಕೈಯಿಂದ ಚೆಂಡು ತೆಗೆದುಕೊಳ್ಳಬೇಕು. ಆಮೇಲೆ "ಎ", ಹಾರು. ಓಡುವುದು ಬೇಡ, ನಡೆದರೆ ಸಾಕು.

ಒಂಬತ್ತು ವರ್ಷದ ಒಬ್ಬ ಹುಡುಗಿ ಇದ್ದಾಳೆ. ಐದು ಸಲವೂ "ಬ" ದಾಟಿ ಹೋಗಿ, ಹಿಂದಕ್ಕೆ ಕೈಚಾಚಿ ಚೆಂಡು ತೆಗೆದಳು. ಆರನೇ ಸಲ ನಾನು ಅರ್ಧ ಅಡಿ ಮುಂದಕ್ಕೆ ಸರಿದು ನಿಂತೆ, ಅಷ್ಟೇ. ಕಾಲು "ಬ" ಮೇಲೆ, ಕೈ ಚೆಂಡಿನ ಮೇಲೆ, ಎರಡೂ ಒಂದೇ ಸಲಕ್ಕೆ ಬಿದ್ದವು. ಹಾರಿದಳು. ಚೆಂಡು ಬೋರ್ಡಿನ ಚೌಕಕ್ಕೆ ತಾಗಿ ಒಳಗೆ ಹೋಯಿತು. ತಪ್ಪು ಅವಳದ್ದಲ್ಲ, ನಾನು ನಿಂತ ಜಾಗದ್ದು. ಮಗು ಬರೀ ತಪ್ಪುತ್ತಿದ್ದರೆ ನಾವು ಎಲ್ಲಿ ನಿಂತಿದ್ದೇವೆ ಅಂತ ಮೊದಲು ನೋಡಿಕೊಳ್ಳಬೇಕು.

ಇದು ಹತ್ತಕ್ಕೆ ಏಳು ಸಲ ಸರಿಯಾದ ಮೇಲೆ ಮಾತ್ರ "ಬಡಿ" ಸೇರಿಸಿ. ಒಂದೇ ಡ್ರಿಬಲ್. ಆ ಕೊನೆಯ ಡ್ರಿಬಲ್ ಜೋರಾಗಿರಲಿ. ಮೆತ್ತಗೆ ಬಡಿದರೆ ಚೆಂಡು ಮೊಣಕಾಲಿನ ಹತ್ತಿರವೇ ಉಳಿಯುತ್ತದೆ, ಮಗು ಬಗ್ಗಿ ಹಿಡಿಯುತ್ತದೆ, ಹಾರುವ ಬಲ ಅಲ್ಲೇ ಹೋಯಿತು. ಜೋರಾಗಿ ಬಡಿದರೆ ಚೆಂಡು ತಾನೇ ಸೊಂಟಕ್ಕೆ ಏಳುತ್ತದೆ.

ಗುರಿ ಎಲ್ಲಿ ಅಂತಲೂ ಹೇಳಬೇಕು. ಬೋರ್ಡಿನ ಮೇಲಿನ ಸಣ್ಣ ಚೌಕದಲ್ಲಿ, ತಮ್ಮ ಕಡೆಯ ಮೇಲಿನ ಮೂಲೆ. ಬಲಗಡೆಯಿಂದ ಬಂದರೆ ಬಲಮೂಲೆ. ಸೈಕಲ್ ರಿಮ್ಮಿಗೆ ಬೋರ್ಡಿಲ್ಲದ ಕಾರಣ ಹಿಂದೆ ಹಲಗೆ ಕಟ್ಟಿ ಬಣ್ಣ ಬಳಿದಿದ್ದೇವೆ.

ಸೊನ್ನೆ ಹೆಜ್ಜೆ: ನನ್ನ ಸೀಟಿಯೇ ತಪ್ಪಾಗಿತ್ತು

ಇದನ್ನು ನಾನು ನಾಲ್ಕು ಸಲ ಬರೆದು ಅಳಿಸಿದ್ದೇನೆ. ನಿಧಾನವಾಗಿ ಓದಿ.

ಒಬ್ಬ ಹುಡುಗ ಸ್ವಲ್ಪ ಬೇಗ ಚೆಂಡು ಹಿಡಿದು ಎಡ, ಬಲ, ಎಡ ಅಂತ ಹಾರುತ್ತಿದ್ದ. ನಾನು ಪ್ರತಿ ಸಲ ಸೀಟಿ ಊದುತ್ತಿದ್ದೆ. "ಅಕ್ಕ, ನಾ ಎಂತ ತಪ್ಪು ಮಾಡ್ದೆ?" ಅಂತ ಕೇಳಿದ. ಮೂರು ಕಾಲು ಇಟ್ಟೆ ಅಂದೆ. ಮನೆಗೆ ಬಂದು ನಿಯಮ ಓದಿದರೆ ಅವನು ಮಾಡಿದ್ದು ಸರಿ ಇತ್ತು. ನಾನು ಕಲಿತದ್ದು ಹಳೆಯ ಲೆಕ್ಕ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ 2017ರಲ್ಲಿ ಇದನ್ನು ಬದಲಿಸಿದೆ.

ಈಗಿನ ಲೆಕ್ಕ ಇದು. ಓಡುತ್ತಿರುವ ಆಟಗಾರನ ಹಿಡಿತಕ್ಕೆ ಚೆಂಡು ಬಂದ ಕ್ಷಣದಲ್ಲಿ ಯಾವ ಕಾಲು ನೆಲದ ಮೇಲಿದೆಯೋ ಅದು ಲೆಕ್ಕಕ್ಕಿಲ್ಲ. ಅದು ಸೊನ್ನೆ. ಅದಾದ ಮೇಲೆ ನೆಲ ಮುಟ್ಟುವ ಕಾಲು ಒಂದು. ಮುಂದಿನದು ಎರಡು. ಮೂರನೆಯದು ನೆಲ ಮುಟ್ಟುವ ಮೊದಲೇ ಚೆಂಡು ಕೈ ಬಿಟ್ಟಿರಬೇಕು. ಗಾಳಿಯಲ್ಲಿರುವಾಗ ಹಿಡಿದರೆ ಸೊನ್ನೆಯೇ ಇಲ್ಲ, ನೆಲ ಮುಟ್ಟುವ ಮೊದಲ ಕಾಲೇ ಒಂದು.

ಈಗ ಬಲಗೈ ಲೇ-ಅಪ್ಪಿಗೆ ಹಾಕಿ ನೋಡೋಣ. ಬಲಗಾಲು ನೆಲದ ಮೇಲಿರುವಾಗ ಹಿಡಿದರೆ ಬಲ ಸೊನ್ನೆ, ಎಡ ಒಂದು, ಹಾರು. ಇನ್ನೂ ಒಂದು ಹೆಜ್ಜೆ ಬಾಕಿ ಇದೆ. ಬಲಗಾಲು ಊರುವ ಮೊದಲು ಗಾಳಿಯಲ್ಲೇ ಹಿಡಿದರೆ ಬಲ ಒಂದು, ಎಡ ಎರಡು, ಹಾರು. ಸರಿ. ಇನ್ನೂ ಮೊದಲು, ಹಿಂದಿನ ಎಡಗಾಲು ನೆಲದ ಮೇಲಿರುವಾಗಲೇ ಹಿಡಿದರೆ ಎಡ ಸೊನ್ನೆ, ಬಲ ಒಂದು, ಎಡ ಎರಡು. ಇದೂ ಸರಿ! ನಾನು ಸೀಟಿ ಊದುತ್ತಿದ್ದುದು ಇದಕ್ಕೇ. ಅದಕ್ಕೂ ಒಂದು ಕಾಲು ಮೊದಲೇ ಹಿಡಿದರೆ ಬಲ ಸೊನ್ನೆ, ಎಡ ಒಂದು, ಬಲ ಎರಡು, ಎಡ ಮೂರು. ಇದು ಟ್ರಾವೆಲಿಂಗ್.

ಹಳೆಯ ನಿಯಮದಲ್ಲಿ ಹಿಡಿದಾಗ ನೆಲದ ಮೇಲಿದ್ದ ಕಾಲೇ ಪಿವಟ್, ಅಂದರೆ ಊರಿಟ್ಟುಕೊಳ್ಳಬೇಕಾದ ಕಾಲು, ಆಗುತ್ತಿತ್ತು. ಎತ್ತಿದ ಮೇಲೆ ಅದು ಮತ್ತೆ ನೆಲ ಮುಟ್ಟುವ ಹಾಗಿರಲಿಲ್ಲ. ಅದಕ್ಕೆ ಆಗ ಎಡ, ಬಲ, ಎಡ ತಪ್ಪು. ಮುಂದಿನ ಶನಿವಾರ ಆ ಹುಡುಗನ ಹತ್ತಿರ "ನೀನು ಸರಿ ಇದ್ದೆ, ನನ್ನ ಲೆಕ್ಕ ಹಳೆಯದು" ಅಂತ ಎಲ್ಲರ ಎದುರೇ ಹೇಳಿದೆ. ಅವನ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈ ರಿಯಾಯಿತಿ ತೀರಾ ಹೊಸ ಯೋಚನೆಯೇನಲ್ಲ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟಕ್ಕೆ ಬರೆದ 13 ನಿಯಮಗಳಲ್ಲಿ ಡ್ರಿಬಲ್ ಇರಲೇ ಇಲ್ಲ. ಚೆಂಡು ಹಿಡಿದ ಜಾಗದಿಂದಲೇ ಎಸೆಯಬೇಕಿತ್ತು. ಆದರೆ ಜೋರಾಗಿ ಓಡುತ್ತಾ ಹಿಡಿದವನು ನಿಲ್ಲಲು ಪ್ರಯತ್ನಿಸಿದರೆ ವಿನಾಯಿತಿ ಕೊಡಬೇಕು ಅಂತ ಆಗಲೇ ಬರೆದಿದ್ದರು. ಓಡುವ ಮೈ ಥಟ್ಟನೆ ನಿಲ್ಲುವುದಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತು.

ಹಾಗಂತ ಮಕ್ಕಳಿಗೆ ಸೊನ್ನೆ ಹೆಜ್ಜೆ ವಿವರಿಸಲು ಹೋಗಬೇಡಿ. ಹೋಗಿ ನೋಡಿದ್ದೇನೆ, ಇದ್ದದ್ದೂ ಮರೆತರು. ಅವರಿಗೆ "ಬಡಿ, ಹಿಡಿ, ಹಾರು" ಸಾಕು. ಸೊನ್ನೆಯ ಲೆಕ್ಕ ಸೀಟಿ ಹಿಡಿದ ನಮಗೆ.

ಒಂದು ಎಚ್ಚರಿಕೆ. ನಿಂತಲ್ಲಿಂದ ಡ್ರಿಬಲ್ ಶುರು ಮಾಡುವಾಗ ಸೊನ್ನೆ ಇಲ್ಲ. ಪಿವಟ್ ಕಾಲು ಏಳುವ ಮೊದಲೇ ಚೆಂಡು ಕೈ ಬಿಟ್ಟಿರಬೇಕು. ಮಕ್ಕಳು ಮೊದಲು ಕಾಲು ಎತ್ತಿ ಆಮೇಲೆ ಬಡಿಯುತ್ತಾರೆ. "ಮೊದಲು ಚೆಂಡು, ಆಮೇಲೆ ಕಾಲು" ಅಂತ ಹೇಳಿ.

ಸಾಲು ನಿಲ್ಲಿಸಬೇಡಿ

ಹನ್ನೆರಡು ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ, ಒಬ್ಬರಿಗೆ 15 ಸೆಕೆಂಡ್ ಅಂತ ಹಿಡಿದರೂ ಒಂದು ಸುತ್ತಿಗೆ 3 ನಿಮಿಷ. 10 ನಿಮಿಷದಲ್ಲಿ ಒಂದು ಮಗುವಿಗೆ ಮೂರೇ ಸಲ. ಉಳಿದ ಹೊತ್ತು ಸುಮ್ನೆ ನಿಂತು ಪಕ್ಕದವರನ್ನು ತಳ್ಳುತ್ತಾರೆ. ನಮ್ಮಲ್ಲಿ ನಾಲ್ಕು ಚೆಂಡಿವೆ. ಮೂರು ಮೂರು ಮಕ್ಕಳ ನಾಲ್ಕು ಗುಂಪು ಮಾಡಿದೆ. ಅಂಗೈ ಮೇಲೆ ಚೆಂಡು ಹಿಡಿಯುವ ಕೆಲಸ ಮಕ್ಕಳದ್ದೇ. "ಬ", "ಎ" ಅಭ್ಯಾಸಕ್ಕೆ ರಿಂಗೇ ಬೇಕಿಲ್ಲ, ಗೋಡೆ ಸಾಕು. ಅದೇ 10 ನಿಮಿಷದಲ್ಲಿ ಈಗ ಒಬ್ಬೊಬ್ಬರಿಗೆ ಸುಮಾರು ಹದಿಮೂರು ಸಲ ಸಿಗುತ್ತದೆ.

ತೋರಿಸುವಾಗ ಮಕ್ಕಳಿಗೆ ಬೆನ್ನು ಮಾಡಿ ನಿಲ್ಲಿ. ಎದುರು ನಿಂತರೆ ನಮ್ಮ ಬಲ ಅವರಿಗೆ ಎಡವಾಗಿ ಕಾಣುತ್ತದೆ.

ಮಳೆಗಾಲಕ್ಕೆ

ಜೂನ್ ಬಂದರೆ ನಮ್ಮೂರಲ್ಲಿ ಮೈದಾನದ ಆಸೆ ಬಿಡಬೇಕು. ಸಿಮೆಂಟಿನ ಮೇಲೆ ಹಾವಸೆ ಕಟ್ಟುತ್ತದೆ. ಒಂದು ಕಾಲಿನಲ್ಲಿ ಹಾರಿ ಇಳಿಯುವ ಅಭ್ಯಾಸ ಅಲ್ಲಿ ಖಂಡಿತ ಬೇಡ. ಒಂದು ಸಭಾಭವನದ ಒಳಗೆ ಜಾಗ ಕೇಳಿದ್ದೇವೆ. ರಿಂಗಿಲ್ಲ, ಜೋರಾಗಿ ಚೆಂಡು ಬಡಿಯುವ ಹಾಗೂ ಇಲ್ಲ. ಆದರೆ "ಹಿಡಿ, ಹಾರು" ಎರಡಕ್ಕೂ ಬಡಿಯುವುದು ಬೇಕಿಲ್ಲವಲ್ಲ. ಆ ನಾಲ್ಕು ತಿಂಗಳು ಎಲ್ಲರೂ ಇನ್ನೊಂದು ಕೈಯಲ್ಲಿ. ಬಲಗೈಯವರಿಗೆ ವೃತ್ತದೊಳಗಿನ ಅಕ್ಷರ ಅದಲುಬದಲು ಮಾಡಬೇಕು, ಮೊದಲು "ಎ", ಆಮೇಲೆ "ಬ". ಸೀಮೆಸುಣ್ಣದ ಡಬ್ಬಿ ಈಗಲೇ ತಂದಿಟ್ಟಿದ್ದೇನೆ.